ಹೊಲಿಗೆ ಮೆಷಿನ್ ಕೈಕೊಟ್ಟಿತಾ? ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ಇಷ್ಟು ಮಾಡಿ ನೋಡಿ

ಶಿವಮೊಗ್ಗ: ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇದೆ ಅನ್ನುವಾಗಲೇ ಮೆಷಿನ್ ದಾರ ಕಡಿಯೋಕೆ ಶುರು ಮಾಡುತ್ತೆ. ಕತ್ತರಿಸಿಟ್ಟ ಬ್ಲೌಸ್ ಪೀಸ್‌ಗಳು ಹಾಗೇ ಕೂತಿರುತ್ತವೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ನಾಳೆ ಬರ್ತೀನಿ ಅಕ್ಕ" ಅನ್ನುತ್ತಾರೆ, ಆ ನಾಳೆ ಹಬ್ಬ ಮುಗಿದ ಮೇಲೇ ಬರೋದು. ಹಬ್ಬಕ್ಕೆ ಉಡಬೇಕಾದ ಬ್ಲೌಸನ್ನು ಹಬ್ಬದ ಮಾರನೇ ದಿನ ಕೊಟ್ಟರೆ ಆ ಗಿರಾಕಿ ಮುಂದಿನ ಸಲ ಬೇರೆ ಬೀದಿಗೆ ಹೋಗುತ್ತಾರೆ. ಮನೆಯಲ್ಲಿ ಹೊಲಿದು ಸಂಸಾರ ತೂಗಿಸುವವರಿಗೆ ಇದು ಸಣ್ಣ ನಷ್ಟ ಅಲ್ಲ.

ಹೀಗೆ ಕೈಕೊಡುವ ಮೆಷಿನ್‌ಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಡಿಮೆ. ಸೂಜಿ ಸವೆದಿರುತ್ತೆ, ದಾರ ತಪ್ಪಾಗಿ ಹಾಕಿರುತ್ತೆ, ಶಟಲ್ ಒಳಗೆ ಹತ್ತಿಯ ಜುಂಗು ತುಂಬಿರುತ್ತೆ, ಇಲ್ಲಾ ಎಣ್ಣೆ ಒಣಗಿ ಅಂಟಾಗಿರುತ್ತೆ. ಈ ನಾಲ್ಕಕ್ಕೂ ಮೆಕ್ಯಾನಿಕ್ ಬೇಕಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಹಳೇ ಟೂತ್ ಬ್ರಷ್, ಹಳೇ ಕಾಟನ್ ಬಟ್ಟೆ, ಒಂದು ಬಾಟಲಿ ಮೆಷಿನ್ ಎಣ್ಣೆ, ಒಂದು ಪ್ಯಾಕೆಟ್ ಸೂಜಿ ಇದ್ದರೆ ಸಾಕು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ನಮ್ಮ ಕಡೆ ಮನೆಮನೆಯಲ್ಲಿರುವ ಕಪ್ಪು ಬಣ್ಣದ, ಕಾಲಲ್ಲಿ ತುಳಿಯುವ ಮೆಷಿನ್ ಬಗ್ಗೆ. ಉಷಾ, ಸಿಂಗರ್, ಮೆರಿಟ್ ಅಂತ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಕಟ್ಟು ಹೆಚ್ಚುಕಮ್ಮಿ ಒಂದೇ. ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಮೆಷಿನ್‌ಗಳು ಇವತ್ತಿಗೂ ಓಡುತ್ತಿವೆ. ಈಚೆಗೆ ಗೃಹಲಕ್ಷ್ಮಿಯ 2000 ರೂಪಾಯಿ ಕೂಡಿಟ್ಟು ಹೊಸದಾಗಿ ತೆಗೆದುಕೊಂಡವರೂ ಇದ್ದಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಮೆಷಿನ್ ಹೇಗೆ ಬಂದಿದ್ದರೂ ಅದರ ಆರೈಕೆ ಮಾತ್ರ ಮನೆಯವರದ್ದೇ.

ಮೊದಲು ಸೂಜಿ ಬದಲಿಸಿ

ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದೆ, ಬಟ್ಟೆಗೆ ಚುಚ್ಚುವಾಗ "ಟಪ್ ಟಪ್" ಸದ್ದು ಬರುತ್ತಿದೆ, ರೇಷ್ಮೆ ಬಟ್ಟೆಯ ಎಳೆ ಕಿತ್ತು ಬರುತ್ತಿದೆ ಅಂದರೆ ಬೇರೇನೂ ಮುಟ್ಟುವ ಮೊದಲು ಸೂಜಿ ಬದಲಿಸಿ. ಸೂಜಿ ಮುರಿಯುವ ತನಕ ಓಡಿಸುವುದು ನಮ್ಮಲ್ಲಿ ಅಭ್ಯಾಸ. ಆದರೆ ಸೂಜಿಯ ಮೊನೆ ಮುರಿಯುವುದಕ್ಕೆ ಬಹಳ ಮೊದಲೇ ಮೊಂಡಾಗಿರುತ್ತೆ. ಎಂಟು-ಹತ್ತು ಗಂಟೆ ಹೊಲಿದ ಮೇಲೆ ಸೂಜಿ ತೆಗೆಯಬೇಕು ಅನ್ನುವುದು ಕಂಪನಿಯವರ ಲೆಕ್ಕ. ನಮ್ಮ ಲೆಕ್ಕದಲ್ಲಿ ಅಷ್ಟು ಬೇಡ ಅಂದರೂ, ಬೆಲೆಬಾಳುವ ಸೀರೆಯ ಬ್ಲೌಸ್ ಹೊಲಿಯಲು ಕೂರುವ ಮೊದಲು ಹೊಸ ಸೂಜಿ ಹಾಕಿಕೊಳ್ಳುವುದು ಒಳ್ಳೇದು. ಗಿರಾಕಿಯ ರೇಷ್ಮೆ ಬಟ್ಟೆ ಹಾಳಾದರೆ ಕಟ್ಟಬೇಕಾದ ದುಡ್ಡಿನ ಮುಂದೆ ಸೂಜಿಯದು ಟೀ ಕುಡಿದಷ್ಟು ಖರ್ಚು.

ಸೂಜಿ ಡೊಂಕಾಗಿದೆಯಾ ಅಂತ ನೋಡಲು ಅದರ ಚಪ್ಪಟೆ ಭಾಗವನ್ನು ಗಾಜಿನ ಮೇಲೆ ಇಟ್ಟು, ಗಾಜಿಗೂ ಸೂಜಿಗೂ ಇರುವ ಸಂದನ್ನು ಪಕ್ಕದಿಂದ ನೋಡಿ. ಸಂದು ಮೊನೆಯವರೆಗೂ ಒಂದೇ ಸಮ ಇರಬೇಕು.

ನಂಬರ್ ವಿಷಯ: ತೆಳು ರೇಷ್ಮೆ, ಜಾರ್ಜೆಟ್‌ಗೆ 11, ಸಾಮಾನ್ಯ ಕಾಟನ್ ಮತ್ತು ಲೈನಿಂಗ್ ಬ್ಲೌಸ್‌ಗೆ 14, ಪ್ಯಾಂಟ್ ಬಟ್ಟೆಗೆ 16, ಜೀನ್ಸ್ ಮಡಿಕೆಗೆ 18. ಪ್ಯಾಕೆಟ್ ಮೇಲೆ 90/14 ಹೀಗೆ ಎರಡು ಸಂಖ್ಯೆ ಇರುತ್ತೆ, ಎರಡೂ ಒಂದೇ ಅಳತೆಯನ್ನೇ ಹೇಳುತ್ತವೆ. ಇದಕ್ಕಿಂತ ಮುಖ್ಯವಾದದ್ದು ಸೂಜಿಯ ಜಾತಿ. ಮನೆ ಮೆಷಿನ್‌ನ ಸೂಜಿಗೆ ಮೇಲಿನ ತುದಿಯಲ್ಲಿ ಒಂದು ಬದಿ ಚಪ್ಪಟೆ, ಪ್ಯಾಕೆಟ್ ಮೇಲೆ ಎಚ್‌ಎ×1 ಅಂತ ಇರುತ್ತೆ. ಗಾರ್ಮೆಂಟ್ಸ್‌ನ ದೊಡ್ಡ ಮೆಷಿನ್‌ಗೆ ಹಾಕುವ ಡಿಬಿ×1 ಸೂಜಿ ಪೂರ್ತಿ ದುಂಡಗೆ. ಒಂದಕ್ಕೆ ಇನ್ನೊಂದು ಹಾಕಿದರೆ ಎತ್ತರ ತಪ್ಪಿ ಹೊಲಿಗೆ ಬೀಳೋದೇ ಇಲ್ಲ, ಜನ ಮೆಷಿನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂಗಡಿಯವರೂ "ಮೆಷಿನ್ ಸೂಜಿ ಕೊಡಿ" ಅಂದ ತಕ್ಷಣ ಕೈಗೆ ಸಿಕ್ಕಿದ್ದು ಕೊಡದೆ, ಮನೆ ಮೆಷಿನ್‌ಗಾ ದೊಡ್ಡ ಮೆಷಿನ್‌ಗಾ ಅಂತ ಒಂದು ಮಾತು ಕೇಳಿದರೆ ಅರ್ಧ ರಿಪೇರಿ ಅಲ್ಲೇ ತಪ್ಪುತ್ತೆ.

ಹಳೇ ಸೂಜಿ ಬಿಚ್ಚುವ ಮೊದಲು ಅದರ ಚಪ್ಪಟೆ ಭಾಗ ಯಾವ ಕಡೆ ಇತ್ತು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಹೊಸದನ್ನು ಹಾಗೇ, ಪೂರ್ತಿ ಮೇಲೆ ತಾಗುವ ತನಕ ಒತ್ತಿ ಸ್ಕ್ರೂ ಬಿಗಿ ಮಾಡಿ. ದಾರ ಪೋಣಿಸುವಾಗ ಸೂಜಿಯ ಉದ್ದನೆಯ ಗೀರು ಇರುವ ಬದಿಯಿಂದ ಪೋಣಿಸಬೇಕು. ಉಲ್ಟಾ ಪೋಣಿಸಿದರೆ ದಾರ ನಿಲ್ಲೋದೇ ಇಲ್ಲ.

ಕೆಳಗೆ ಗಂಟಾದರೆ ತಪ್ಪು ಮೇಲಿರುತ್ತೆ

ಬಟ್ಟೆಯ ಅಡಿಯಲ್ಲಿ ದಾರ ಗುಬ್ಬಿ ಗೂಡಿನ ಹಾಗೆ ಸುತ್ತಿಕೊಂಡರೆ ಎಲ್ಲರೂ ಮೊದಲು ಕೈ ಹಾಕುವುದು ಬಾಬಿನ್‌ಗೆ. ಬಾಬಿನ್ ಕೇಸ್‌ನ ಸಣ್ಣ ಸ್ಕ್ರೂ ತಿರುಗಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ, ಕೊನೆಗೆ ಅದು ಕೆಳಗೆ ಬಿದ್ದು ಕಳೆದೇ ಹೋಗುತ್ತೆ. ಆದರೆ ಕೆಳಗೆ ಕಾಣುವ ಗಂಟು ಮೇಲಿನ ದಾರದ್ದು. ಮೇಲಿನ ದಾರಕ್ಕೆ ಬಿಗಿ ಸಿಗದಿದ್ದಾಗ ಅದು ಸಡಿಲವಾಗಿ ಕೆಳಗೆ ಇಳಿದು ಸುತ್ತಿಕೊಳ್ಳುತ್ತೆ.

ಬಿಗಿ ಕೊಡುವುದು ಮುಂದೆ ಕಾಣುವ ಎರಡು ಗುಂಡನೆಯ ಬಿಲ್ಲೆ. ಬಟ್ಟೆ ಒತ್ತುವ ಫುಟ್ ಕೆಳಗೆ ಇಳಿದಿದ್ದರೆ ಆ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ದಾರ ಅವುಗಳ ನಡುವೆ ಹೋಗದೆ ಮೇಲೇ ಕೂತಿರುತ್ತೆ. ಅದಕ್ಕೇ ದಾರ ಹಾಕುವಾಗ ಯಾವಾಗಲೂ ಫುಟ್ ಮೇಲೆತ್ತಿರಬೇಕು. ದಾರ ಪೂರ್ತಿ ತೆಗೆದು, ಫುಟ್ ಎತ್ತಿ, ಮೊದಲಿಂದ ಮತ್ತೆ ಹಾಕಿ. ಗಂಟಿನ ಸಮಸ್ಯೆ ಬಹಳ ಸಲ ಇಷ್ಟಕ್ಕೇ ಮುಗಿಯುತ್ತೆ.

ಮುಗಿಯದಿದ್ದರೆ ಬಿಲ್ಲೆಗಳ ನಡುವೆ ಜುಂಗು ಸಿಕ್ಕಿರಬಹುದು. ಫುಟ್ ಎತ್ತಿಕೊಂಡೇ ತೆಳು ಕಾಟನ್ ಬಟ್ಟೆಯ ಅಂಚನ್ನು ಬಿಲ್ಲೆಗಳ ನಡುವೆ ಹಾಕಿ ಹಿಂದೆ ಮುಂದೆ ಎಳೆಯಿರಿ. ಒಂದು ಎಳೆ ದಾರದ ತುಂಡು ಒಳಗಿದ್ದರೂ ಬಿಗಿ ಕೆಡುತ್ತೆ.

ಆಮೇಲೆ ಬಾಬಿನ್. ಬಾಬಿನ್ ಹಾಕಿದ ಕೇಸನ್ನು ದಾರ ಹಿಡಿದು ನೇತಾಡಿಸಿ. ಅದಾಗೇ ಸರ್ರನೆ ಇಳಿಯಬಾರದು. ಕೈ ಮೆಲ್ಲಗೆ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸ್ಕ್ರೂ ಕಾಲು ಸುತ್ತು ಬಿಗಿ, ಅಲ್ಲಾಡದೇ ಇದ್ದರೆ ಕಾಲು ಸುತ್ತು ಸಡಿಲ. ಕಾಲು ಸುತ್ತಿಗಿಂತ ಹೆಚ್ಚು ಒಂದೇ ಸಲಕ್ಕೆ ತಿರುಗಿಸಬೇಡಿ. ಕೇಸನ್ನು ವಾಪಸ್ ಹಾಕುವಾಗ ಅದರ ಕೊಂಬು ಮೇಲಿನ ತೋಡಿನಲ್ಲಿ ಕೂತು "ಟಕ್" ಅನ್ನಬೇಕು. ಟಕ್ ಅನ್ನದಿದ್ದರೆ ಕೂತಿಲ್ಲ ಅಂತಲೇ ಲೆಕ್ಕ. ಹಾಗೇ ಓಡಿಸಿದರೆ ಸೂಜಿ ಮುರಿಯುತ್ತೆ.

ಮೇಲಿನದಕ್ಕೆ ಬಿಳಿ ದಾರ, ಕೆಳಗೆ ಕಪ್ಪು ದಾರ ಹಾಕಿ ಚೂರು ಬಟ್ಟೆಯ ಮೇಲೆ ಹೊಲಿದು ನೋಡಿ. ಮೇಲೆ ಕಪ್ಪು ಚುಕ್ಕೆ ಕಂಡರೆ ಮೇಲಿನ ಬಿಗಿ ಜಾಸ್ತಿ, ಅಡಿಯಲ್ಲಿ ಬಿಳಿ ಚುಕ್ಕೆ ಕಂಡರೆ ಮೇಲಿನ ಬಿಗಿ ಕಮ್ಮಿ. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿ ಹಿಡಿದುಕೊಳ್ಳುವುದು, ನಿಲ್ಲಿಸುವಾಗ ದಾರ ಎತ್ತುವ ಕೊಂಡಿ ಮೇಲಿರುವಾಗಲೇ ನಿಲ್ಲಿಸುವುದು ಇದ್ದರೆ ಮೊದಲ ಹೊಲಿಗೆಯ ಗಂಟು ಬರೋದಿಲ್ಲ.

ಇನ್ನು ದಾರ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರೀಲನ್ನು ಒಂದು ಗೇಣು ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿ. ಪಟ್ ಅಂತ ಕಡಿದರೆ ಅದು ಕಾಜಾ ಹೊಲಿಯೋಕೂ ಬೇಡ. ಅಗ್ಗದ ಜುಂಗು ದಾರ ಕೊಂಡು ಉಳಿಸಿದ ದುಡ್ಡು ಶಟಲ್ ಕ್ಲೀನ್ ಮಾಡುವುದರಲ್ಲಿ ಹೋಗುತ್ತೆ.

ಜುಂಗು ತೆಗೆಯುವುದು

ವಾರಕ್ಕೆ ಒಮ್ಮೆ, ದಿನವಿಡೀ ಹೊಲಿಯುವವರು ಎರಡು ದಿನಕ್ಕೊಮ್ಮೆ ಇದನ್ನು ಮಾಡಬೇಕು. ಮೋಟರ್ ಇದ್ದರೆ ಮೊದಲು ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಸೂಜಿ ತೆಗೆದುಬಿಡಿ, ಕೈಗೆ ಚುಚ್ಚುವ ಭಯ ಇರಲ್ಲ. ಸೂಜಿ ಇಳಿಯುವ ತೂತಿನ ಉಕ್ಕಿನ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿ ಎತ್ತಿದರೆ ಬಟ್ಟೆ ಮುಂದೆ ತಳ್ಳುವ ಹಲ್ಲುಗಳು ಕಾಣುತ್ತವೆ. ಬಹಳ ದಿನ ಬಿಚ್ಚದ ಮೆಷಿನ್‌ನಲ್ಲಿ ಆ ಹಲ್ಲುಗಳ ಸಂದಿಯಲ್ಲಿ ಜುಂಗು ಎಣ್ಣೆ ಕುಡಿದು ಉಣ್ಣೆ ಬಟ್ಟೆಯ ಹಾಗೆ ಗಟ್ಟಿಯಾಗಿರುತ್ತೆ. ಬಟ್ಟೆ ಮುಂದೆ ಹೋಗುತ್ತಿಲ್ಲ, ಹೊಲಿಗೆ ಒಂದೇ ಕಡೆ ಬೀಳುತ್ತಿದೆ ಅನ್ನುವ ದೂರಿಗೆ ಇದೇ ಕಾರಣ ಆಗಿರಬಹುದು. ಬ್ರಷ್‌ನಿಂದ ಬರದಿದ್ದರೆ ಮೊಂಡು ಪಿನ್ನಿನಿಂದ ಕೆದಕಿ ತೆಗೆಯಿರಿ. ಬಾಯಲ್ಲಿ ಊದಬೇಡಿ. ಉಸಿರಿನ ಪಸೆ ಉಕ್ಕಿಗೆ ಆಗಲ್ಲ, ಜುಂಗೂ ಇನ್ನಷ್ಟು ಒಳಗೆ ಹೋಗುತ್ತೆ.

ಬಾಬಿನ್ ಕೇಸ್ ತೆಗೆದ ಮೇಲೆ ಅದರ ಹಿಂದಿನ ಶಟಲ್. ಎಡ ಬಲದ ಎರಡು ಸಣ್ಣ ಹಿಡಿಗಳನ್ನು ಹೊರಕ್ಕೆ ತಿರುಗಿಸಿದರೆ ಉಂಗುರದಂಥ ಭಾಗ ಕೈಗೆ ಬರುತ್ತೆ, ಅದರ ಹಿಂದೆ ಅರ್ಧಚಂದ್ರದ ಆಕಾರದ ಶಟಲ್. ಕೆಲವು ಮೆಷಿನ್‌ನಲ್ಲಿ ಹಿಡಿ ಬದಲು ಸ್ಕ್ರೂ ಇರುತ್ತೆ. ಒಂದೊಂದು ಬಿಚ್ಚುವಾಗಲೂ ಫೋಟೋ ತೆಗೆದು, ಬಿಚ್ಚಿದ್ದನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರೆ ಜೋಡಿಸುವುದು ಕಷ್ಟ ಇಲ್ಲ. ಒಳಗೆ ಮುರಿದ ಸೂಜಿಯ ಚೂರು ಸಿಕ್ಕರೂ ಆಶ್ಚರ್ಯ ಪಡಬೇಡಿ. ಶಟಲ್‌ನ ಮೊನೆ ಮೇಲೆ ಉಗುರು ಆಡಿಸಿ. ನುಣುಪಾಗಿದ್ದರೆ ಸರಿ, ಉಗುರಿಗೆ ತರಚಿದರೆ ದಾರ ಕಡಿಯುತ್ತಿರುವುದು ಅಲ್ಲೇ. ಉಕ್ಕಿನ ಪಟ್ಟಿಯ ತೂತನ್ನೂ ಹೀಗೇ ನೋಡಿ, ಸೂಜಿ ಬಡಿದು ಬಡಿದು ಅಂಚು ಗಾಯವಾಗಿರುತ್ತೆ. ಇವೆರಡೂ ಬಿಡಿಭಾಗದ ಅಂಗಡಿಯಲ್ಲಿ ಸಿಗುವಂಥವು. ಹಳೇದನ್ನು ಕೈಯಲ್ಲಿ ಹಿಡಿದೇ ಹೋಗಿ, ಅಳತೆ ತಪ್ಪಲ್ಲ.

ಎಣ್ಣೆ: ಜಾಸ್ತಿ ತಪ್ಪು ಆಗುವುದು ಇಲ್ಲೇ

ಮೆಷಿನ್ ಬಿಗಿಯಾಗಿದೆ ಅಂದ ತಕ್ಷಣ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಬಿಡುವವರು ಈಗಲೂ ಇದ್ದಾರೆ. ಆ ಕ್ಷಣಕ್ಕೆ ಹಗುರ ಆಗುತ್ತೆ, ಸುಳ್ಳಲ್ಲ. ಆದರೆ ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಡಿಸೆಂಬರ್ ಬೆಳಗ್ಗೆ ಮೆಷಿನ್ ಒಳಗೂ ಅದೇ ಆಗುತ್ತೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹೆಪ್ಪುಗಟ್ಟದಿದ್ದರೂ ಗಾಳಿಗೆ ಬಲಿತು ಅಂಟಾಗುತ್ತವೆ. ಒಗ್ಗರಣೆ ಬಾಣಲೆಯ ಹಿಂಬದಿ ಕಟ್ಟುವ ಅಂಟಿನ ಹಾಗೆಯೇ. ಬೈಕಿನ ಎಂಜಿನ್ ಆಯಿಲ್ ದಪ್ಪ, ಬಟ್ಟೆಗೆ ಕಲೆ. ತುಕ್ಕು ಬಿಡಿಸಲು ಬರುವ ಸ್ಪ್ರೇ ತುಕ್ಕು ಬಿಡಿಸುತ್ತೆ, ಆದರೆ ಬೇಗ ಆರಿಹೋಗುತ್ತೆ, ಎಣ್ಣೆಯ ಕೆಲಸ ಮಾಡಲ್ಲ. ಬೇಕಾಗಿರುವುದು ನೀರಿನ ಹಾಗೆ ತಿಳಿಯಾಗಿರುವ, ಹೊಲಿಗೆ ಮೆಷಿನ್ ಎಣ್ಣೆ ಅಂತಲೇ ಮಾರುವ ಬಾಟಲಿ.

ಎಲ್ಲಿ ಬಿಡಬೇಕು? ಮೆಷಿನ್ ಮೇಲ್ಭಾಗದಲ್ಲಿ ಕಾಣುವ ಪ್ರತಿ ಸಣ್ಣ ತೂತಿಗೂ ಒಂದೊಂದು ಹನಿ. ಎಡಗಡೆಯ ಹೂವಿನ ಕೆತ್ತನೆಯ ತಗಡು ಬಿಚ್ಚಿದರೆ ಸೂಜಿ ಹಿಡಿದ ಕಂಬಿ ಮೇಲೆ ಕೆಳಗೆ ಆಡುವುದು ಕಾಣುತ್ತೆ, ಅಲ್ಲಿ ಉಜ್ಜುವ ಜಾಗಗಳಿಗೆ ಒಂದೊಂದು ಹನಿ. ಶಟಲ್ ಓಡುವ ತೋಡಿಗೆ ಒಂದೇ ಹನಿ. ಆಮೇಲೆ ಬೆಲ್ಟ್ ತಪ್ಪಿಸಿ ಮೆಷಿನ್ ತಲೆಯನ್ನು ಹಿಂದಕ್ಕೆ ಮಗುಚಿ. ಹತ್ತು ಕೆಜಿಗೂ ಮೇಲಿನ ಕಬ್ಬಿಣ ಅದು, ಒಬ್ಬರು ಹಿಡಿದುಕೊಂಡರೆ ಒಳ್ಳೇದು, ಮಕ್ಕಳನ್ನು ದೂರ ಇಡಿ. ಅಡಿಯಲ್ಲಿ ಆಡುವ ಕೀಲುಗಳಿಗೂ ಹನಿ ಬಿಡಿ. ಕೆಳಗಿನ ಪೆಡಲ್‌ನ ಎರಡು ಬದಿ, ದೊಡ್ಡ ಚಕ್ರದ ನಡುವೆ, ಪೆಡಲಿಂದ ಚಕ್ರಕ್ಕೆ ಹೋಗುವ ಕಡ್ಡಿಯ ಎರಡು ತುದಿ ಇವನ್ನು ಎಲ್ಲರೂ ಮರೆಯುತ್ತಾರೆ. ಮಂಡಿ ನೋವು ಅಂತ ಹೇಳುವವರ ಮೆಷಿನ್‌ನ ಪೆಡಲ್ ಒಮ್ಮೆ ತುಳಿದು ನೋಡಿ, ಒಣಗಿ ಕಿರುಗುಟ್ಟುತ್ತಿರುತ್ತೆ.

ಒಂದು ಹನಿ ಅಂದರೆ ಒಂದೇ ಹನಿ. ಬಿಗಿ ಕೊಡುವ ಬಿಲ್ಲೆಗೆ, ಬೆಲ್ಟ್‌ಗೆ, ಬಾಬಿನ್ ಸುತ್ತುವ ರಬ್ಬರ್ ಉಂಗುರಕ್ಕೆ, ಮೋಟರ್‌ಗೆ ಎಣ್ಣೆ ತಾಗಲೇಬಾರದು. ಬಿಟ್ಟಾದ ಮೇಲೆ ದಾರ ಹಾಕದೆ, ಫುಟ್ ಎತ್ತಿ ಎರಡು ನಿಮಿಷ ಓಡಿಸಿ, ಒರೆಸಿ. ಆಮೇಲೆ ಚೂರು ಬಟ್ಟೆಯ ಮೇಲೆ ಕಲೆ ನಿಲ್ಲುವ ತನಕ ಹೊಲಿಯಿರಿ. ಮದುವೆಯ ಬಿಳಿ ಪಂಚೆ ಬಟ್ಟೆಯ ಮೇಲೆ ಪರೀಕ್ಷೆ ಬೇಡ.

ಹಳೇ ಎಣ್ಣೆ ಅಂಟಾಗಿ ಚಕ್ರವೇ ತಿರುಗದಿದ್ದರೆ ಹಳಬರ ಉಪಾಯ ಸೀಮೆಎಣ್ಣೆ. ಈಗ ಅದು ಸುಲಭಕ್ಕೆ ಸಿಗಲ್ಲ, ಸಿಕ್ಕರೆ ಎಲ್ಲ ತೂತಿಗೂ ಎರಡೆರಡು ಹನಿ ಬಿಟ್ಟು ರಾತ್ರಿ ಇಟ್ಟು, ಬೆಳಗ್ಗೆ ಕೈಯಲ್ಲೇ ಚಕ್ರ ತಿರುಗಿಸಿ. ಕಂದು ಬಣ್ಣದ ಅಂಟು ಕರಗಿ ಸುರಿಯುತ್ತೆ. ಎಲ್ಲ ಒರೆಸಿ, ಮತ್ತೆ ಮೆಷಿನ್ ಎಣ್ಣೆ ಬಿಡಲೇಬೇಕು. ಸೀಮೆಎಣ್ಣೆ ಕೊಳೆ ತೊಳೆಯುತ್ತೆ ಅಷ್ಟೇ, ಅದನ್ನೇ ನಂಬಿ ಓಡಿಸಿದರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತೆ. ಒಲೆ, ದೀಪ, ಊದುಕಡ್ಡಿ ಹತ್ತಿರ ಈ ಕೆಲಸ ಬೇಡ. ಮೋಟರ್ ಇದ್ದರೆ ಬೆಲ್ಟ್ ತಪ್ಪಿಸಿ ಬಿಚ್ಚಿಟ್ಟೇ ಮಾಡಿ.

ಆಯುಧ ಪೂಜೆ ದಿನದ್ದೊಂದು ಮಾತು. ಮೆಷಿನ್‌ಗೆ ಅರಿಶಿನ ಕುಂಕುಮ ಹಚ್ಚಿ ಹೂ ಇಡುವುದು ಎಲ್ಲರ ಮನೆಯ ಪದ್ಧತಿ. ಆ ಕುಂಕುಮದ ಪುಡಿ ಎಣ್ಣೆ ತೂತಿಗೆ ಇಳಿದರೆ ಒಳಗೆ ಮಣ್ಣಾಗುತ್ತೆ. ಪೂಜೆಗೆ ಮೊದಲು ತೂತುಗಳ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿ, ಮಾರನೇ ದಿನ ಒಣ ಬಟ್ಟೆಯಲ್ಲಿ ಒರೆಸಿ. ವರ್ಷಕ್ಕೊಮ್ಮೆ ಅಡಿ ಮಗುಚಿ ಪೂರ್ತಿ ಕ್ಲೀನ್ ಮಾಡಲು ಪೂಜೆಯ ಹಿಂದಿನ ದಿನಕ್ಕಿಂತ ಒಳ್ಳೇ ದಿನ ಇಲ್ಲ.

ಮಳೆಗಾಲ, ಧೂಳು

ಜಿಲ್ಲೆ ಒಂದೇ ಆದರೂ ಮೆಷಿನ್‌ನ ಕಷ್ಟ ತಾಲ್ಲೂಕಿಗೊಂದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ. ಆ ಕಡೆ ಮಳೆಗಾಲದಲ್ಲಿ ಹದಿನೈದು ದಿನ ಮುಟ್ಟದೆ ಇಟ್ಟ ಮೆಷಿನ್‌ನ ಸೂಜಿ ಕಂಬಿ ಮೇಲೆ ತುಕ್ಕಿನ ಚುಕ್ಕೆ ಏಳುತ್ತೆ, ಅದೇ ಆಮೇಲೆ ಬಟ್ಟೆಗೆ ಇಳಿಯುತ್ತೆ. ಶಿಕಾರಿಪುರದ ಕಡೆ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಧೂಳು. ಎರಡಕ್ಕೂ ಮುಚ್ಚಳ ಬೇಕು, ಆದರೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದರೆ ಮಲೆನಾಡಲ್ಲಿ ಪಸೆ ಒಳಗೇ ಉಳಿಯುತ್ತೆ. ಹಳೇ ಕಾಟನ್ ಸೀರೆ ಹೊದಿಸುವುದು ವಾಸಿ. ಸೋರುವ ಗೋಡೆಯಿಂದ ಒಂದು ಮೊಳ ಈಚೆ ಇಡಿ. ನಿಲ್ಲಿಸಿಡುವಾಗ ಹೊಳೆಯುವ ಉಕ್ಕಿನ ಭಾಗಗಳಿಗೆಲ್ಲ ಎಣ್ಣೆ ಕೈ ಸವರಿ, ಫುಟ್ ಕೆಳಗೆ ಒಂದು ಚೂರು ಕಾಟನ್ ಇಟ್ಟು ಇಳಿಸಿ. ಕೆಲಸ ಇರಲಿ ಬಿಡಲಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎರಡು ನಿಮಿಷ ತುಳಿಯಿರಿ.

ಬೆಲ್ಟ್, ಚಕ್ರ, ಮೋಟರ್

ಪೆಡಲ್ ತುಳಿದರೂ ಮೆಷಿನ್ ಎಳೆಯುತ್ತಿಲ್ಲ ಅಂದರೆ ಚರ್ಮದ ಬೆಲ್ಟ್ ಸಡಿಲ ಆಗಿದೆ. ಕೊಂಡಿ ಬಿಚ್ಚಿ, ಅರ್ಧ ಇಂಚು ಕತ್ತರಿಸಿ, ಹೊಸ ತೂತು ಮಾಡಿ ಮತ್ತೆ ಕೊಂಡಿ ಹಾಕಿದರೆ ಆಯ್ತು. ಅತಿ ಬಿಗಿ ಮಾಡಿದರೆ ತುಳಿಯೋಕೆ ಭಾರ.

ಚಕ್ರ ತಿರುಗುತ್ತಿದೆ, ಸೂಜಿ ಮಾತ್ರ ಆಡುತ್ತಿಲ್ಲ ಅಂದರೆ ಹೆದರಬೇಡಿ. ಬಾಬಿನ್ ಸುತ್ತುವಾಗ ಕೈಚಕ್ರದ ನಡುವಿನ ಗುಂಡಿ ಸಡಿಲ ಮಾಡಿರುತ್ತೀರಿ, ಬಿಗಿ ಮಾಡುವುದು ಮರೆತಿರುತ್ತೆ. ಇಷ್ಟಕ್ಕೇ ಮೆಷಿನ್ ಹೊತ್ತುಕೊಂಡು ಆಟೋದಲ್ಲಿ ಪೇಟೆಗೆ ತರುವವರಿದ್ದಾರೆ.

ಕಪ್ಪು ಮೆಷಿನ್‌ಗೆ ಪಕ್ಕದಲ್ಲಿ ಸಣ್ಣ ಮೋಟರ್ ಕಟ್ಟಿಸಿಕೊಳ್ಳುವುದು ಈಗ ಸಾಮಾನ್ಯ. ಸುಟ್ಟ ವಾಸನೆ ಬಂದರೆ, ಕಿಡಿ ಜಾಸ್ತಿ ಕಂಡರೆ, ಓಡುತ್ತಾ ಓಡುತ್ತಾ ನಿಂತರೆ ಒಳಗಿನ ಕಾರ್ಬನ್ ಸವೆದಿರಬಹುದು, ಅದು ಬದಲಿಸುವಂಥದ್ದೇ. ಮೆಷಿನ್ ಬಿಗಿ ಇರುವಾಗ ಮೋಟರ್‌ನಿಂದ ಎಳೆಸಬೇಡಿ, ಮೋಟರ್ ಸುಡುವುದೇ ಹಾಗೆ. ಕಾಲಿನ ಕಂಟ್ರೋಲ್ ಬಿಸಿಯಾಗುತ್ತಿದ್ದರೆ, ವೈರ್ ಸಿಪ್ಪೆ ಬಿಟ್ಟಿದ್ದರೆ ಟೇಪ್ ಸುತ್ತಿ ಮುಂದುವರಿಸಬೇಡಿ. ಕಬ್ಬಿಣದ ಸ್ಟ್ಯಾಂಡ್, ಬರಿಗಾಲು, ಮಳೆಗಾಲದ ಒದ್ದೆ ನೆಲ ಮೂರೂ ಸೇರಿದ ಕಡೆ ಕರೆಂಟ್ ಜೊತೆ ಆಟ ಬೇಡ. ಇದು ಎಲೆಕ್ಟ್ರಿಷಿಯನ್ ಕೆಲಸ.

ಮೆಕ್ಯಾನಿಕ್ ಯಾವಾಗ ಬೇಕು

ಹೊಸ ಸೂಜಿ, ಸರಿಯಾದ ದಾರ, ಕ್ಲೀನ್ ಶಟಲ್ ಇದ್ದೂ ಹೊಲಿಗೆ ಬೀಳದಿದ್ದರೆ ಟೈಮಿಂಗ್ ತಪ್ಪಿದೆ ಅಂತ ಅರ್ಥ. ಸೂಜಿ ಕೆಳಗೆ ಹೋಗಿ ಸ್ವಲ್ಪ ಮೇಲೆದ್ದಾಗ ದಾರದ ಒಂದು ಕುಣಿಕೆ ಆಗುತ್ತೆ, ಸರಿಯಾಗಿ ಆ ಗಳಿಗೆಗೆ ಶಟಲ್‌ನ ಮೊನೆ ಬಂದು ಕುಣಿಕೆ ಹಿಡಿಯಬೇಕು. ಕೂದಲೆಳೆ ಹಿಂದೆ ಮುಂದೆ ಆದರೂ ಹಿಡಿಯಲ್ಲ. ಸೂಜಿ ಕಂಬಿಯ ಸ್ಕ್ರೂ, ಅಡಿಯ ಕಂಬಿಗಳ ಸ್ಕ್ರೂ ಇವನ್ನು ವಿಡಿಯೋ ನೋಡಿಕೊಂಡು ಸಡಿಲ ಮಾಡಲು ಹೋಗಬೇಡಿ. ಹಾಗೆ ಮಾಡಿ ತಂದ ಮೆಷಿನ್ ರಿಪೇರಿಗೆ ಮೆಕ್ಯಾನಿಕ್‌ಗಳಿಗೂ ಜಾಸ್ತಿ ಹೊತ್ತು ಹಿಡಿಯುತ್ತೆ. ಬಿರುಕು ಬಿಟ್ಟ ಕಬ್ಬಿಣ, ಸುಟ್ಟ ಮೋಟರ್, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುವ ಸೂಜಿ ಕಂಬಿ ಇವೂ ಅವರಿಗೇ ಬಿಡಬೇಕಾದವು.

ತೆಗೆದುಕೊಂಡು ಹೋಗುವಾಗ ಕೆಟ್ಟ ಹೊಲಿಗೆ ಬಿದ್ದ ಬಟ್ಟೆ ಚೂರು, ಅದೇ ದಾರದ ರೀಲು, ನಿಮ್ಮ ಬಾಬಿನ್ ಕೇಸ್ ಜೊತೆಗಿರಲಿ. "ಸರಿ ಇಲ್ಲ" ಅನ್ನುವ ಬದಲು "ದಪ್ಪ ಮಡಿಕೆ ಬಂದಾಗ ಮಾತ್ರ ಬಿಡುತ್ತೆ" ಅಂತ ಹೇಳಿದರೆ ಅವರಿಗೂ ಹುಡುಕೋದು ಸುಲಭ. ಏನು ಬದಲಿಸುತ್ತಾರೆ, ಎಷ್ಟಾಗುತ್ತೆ ಅಂತ ಕೆಲಸಕ್ಕೆ ಮೊದಲೇ ಕೇಳಿಕೊಳ್ಳಿ. ಬಿಚ್ಚಿದ ಹಳೇ ಶಟಲ್, ಹಳೇ ಬಾಬಿನ್ ಕೇಸ್ ವಾಪಸ್ ಕೇಳಿ ತನ್ನಿ. ಹಳೇ ಮೆಷಿನ್‌ನ ಮೂಲ ಬಿಡಿಭಾಗದಷ್ಟು ಗಟ್ಟಿ ಉಕ್ಕು ಈಗ ಬರುವ ಅಗ್ಗದವುಗಳಲ್ಲಿ ಇರಲ್ಲ, ಸವೆದ ಮೊನೆಯನ್ನು ನುಣುಪು ಮಾಡಿಸಿ ಇಟ್ಟುಕೊಂಡರೆ ಮುಂದಿನ ಹಬ್ಬದ ಹೊತ್ತಿಗೆ ಬೇಕಾಗಬಹುದು. ವಾಪಸ್ ತರುವ ಮೊದಲು ಅಂಗಡಿಯಲ್ಲೇ ಕೂತು, ನಿಮ್ಮ ದಾರದಲ್ಲೇ, ಲೈನಿಂಗ್ ಸೇರಿಸಿದ ನಾಲ್ಕು ಮಡಿಕೆ ಬಟ್ಟೆ ಮೇಲೆ ಒಂದು ಮಾರು ಹೊಲಿದು ನೋಡಿ.